ಮುಂದಿನ ಸರ್ವಿಸ್‌ನ ಸೀಟಿಗೆ ಮುನ್ನ: ಮಕ್ಕಳ ವಾಲಿಬಾಲ್‌ನಲ್ಲಿ ತಕರಾರು ದಾಖಲಿಸುವ ಕ್ರಮ

ಶಾಲಾ ವಾಲಿಬಾಲ್ ಪಂದ್ಯಾಟಗಳಲ್ಲಿ ಸ್ಕೋರರ್ ಟೇಬಲ್ಲಿಗೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಅಲ್ಲಿಗೆ ತಲುಪುವ ಹೊತ್ತಿಗೇ ಬಿದ್ದುಹೋಗಿರುತ್ತವೆ. ವಿಷಯ ಗಟ್ಟಿ ಇರುವುದಿಲ್ಲ ಎಂದಲ್ಲ. ಹೇಳಬೇಕಾದ ಹೊತ್ತು ದಾಟಿರುತ್ತದೆ, ಇಲ್ಲವೇ ಹೇಳುವ ಹಕ್ಕಿಲ್ಲದವರು ಬಂದು ಹೇಳುತ್ತಿರುತ್ತಾರೆ. ಪಂದ್ಯ ಸೋತು, ಸ್ಕೋರ್‌ಶೀಟಿಗೆ ಸಹಿ ಹಾಕಿ, ಮಕ್ಕಳು ಬೂಟು ಬಿಚ್ಚಿದ ಮೇಲೆ ಪಿ.ಟಿ. ಮಾಸ್ಟ್ರು ಬಂದು "ಎರಡನೇ ಸೆಟ್ಟಲ್ಲಿ ಅವರ ರೊಟೇಶನ್ ತಪ್ಪಿತ್ತು ಸರ್" (ಸರ್ವಿಸ್ ಸರದಿಯಂತೆ ಆಟಗಾರರು ಸ್ಥಾನ ತಿರುಗುವುದು ತಪ್ಪಿತ್ತು) ಎಂದರೆ, ಅದು ನಿಜವೇ ಆಗಿದ್ದರೂ ಮಾಡಲಿಕ್ಕೆ ಏನೂ ಉಳಿದಿರುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಪಂದ್ಯಾಟಗಳಲ್ಲಿ ಟೇಬಲ್ ಹಿಂದೆ ಕುಳಿತು, ತಕರಾರು ವಿಚಾರಿಸುವ ತೀರ್ಪು ಸಮಿತಿಗಳಲ್ಲಿ ಕೆಲಸ ಮಾಡಿ ನಾವು ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ತಂಡ ಕರೆತರುವ ಶಿಕ್ಷಕರಿಗೂ ಸಂಘಟಕರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಅಂಪೈರ್ ಕಣ್ಣಿನಿಂದ ಕೊಟ್ಟ ತೀರ್ಪು ಒಂದು ಬಗೆ, ನಿಯಮ ಅನ್ವಯಿಸಿ ಕೊಟ್ಟ ತೀರ್ಪು ಇನ್ನೊಂದು ಬಗೆ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ, ಬ್ಲಾಕ್‌ ಮಾಡಿದವನ ಬೆರಳಿಗೆ ತಾಗಿತೋ ಇಲ್ಲವೋ, ಲಿಫ್ಟಿಂಗ್ (ಚೆಂಡನ್ನು ಹಿಡಿದು ಎತ್ತುವುದು) ಆಯಿತೋ ಡಬಲ್ (ಒಬ್ಬನೇ ಸತತ ಎರಡು ಸಲ ಮುಟ್ಟುವುದು) ಆಯಿತೋ, ನೆಟ್ಟಿಗೆ ಕೈ ತಾಗಿತೋ ಎಂಬುದೆಲ್ಲ ಮೊದಲ ಬಗೆ. ಇವುಗಳ ಮೇಲೆ ತಕರಾರು ನಡೆಯುವುದೇ ಇಲ್ಲ. ತಪ್ಪು ಸರ್ವರ್ ಸರ್ವಿಸ್ ಮಾಡಿದ್ದು ಗೊತ್ತಾದ ಮೇಲೆ ಪಾಯಿಂಟ್ ಹೇಗೆ ತಿದ್ದಬೇಕು, ಸೆಟ್ಟಿಗೆ ಆರರ ಮಿತಿ ದಾಟಿ ಏಳನೇ ಆಟಗಾರ ಬದಲಾವಣೆಗೆ ಅವಕಾಶ ಕೊಟ್ಟದ್ದು ಸರಿಯೇ, ಮಳೆಯಿಂದ ನಿಂತ ಸೆಟ್ಟನ್ನು ಎಲ್ಲಿಂದ ಮುಂದುವರಿಸಬೇಕು, ಸ್ಕೋರರ್ ಒಂದು ಪಾಯಿಂಟ್ ಕಮ್ಮಿ ಬರೆದದ್ದು ಹೇಗೆ ಸರಿಯಾಗಬೇಕು ಎಂಬುದು ಎರಡನೇ ಬಗೆ. ತಕರಾರಿಗೆ ಜಾಗ ಇರುವುದು ಇಲ್ಲಿ ಮಾತ್ರ.

ಒಂದೇ ಸನ್ನಿವೇಶದಲ್ಲಿ ಎರಡೂ ಬೆರೆತಿರುವುದುಂಟು. ಲಿಬೆರೊ (ಹಿಂದಿನ ಸಾಲಿನ ರಕ್ಷಣೆಗೆಂದೇ ಇರುವ ಆಟಗಾರ) ಮುಂದಿನ ವಲಯದಲ್ಲಿ, ಅಂದರೆ ನೆಟ್ಟಿನಿಂದ ಮೂರು ಮೀಟರ್ ಗೆರೆಯವರೆಗಿನ ಜಾಗದಲ್ಲಿ ನಿಂತು ಬೆರಳಿನಿಂದ ಮೇಲೆತ್ತಿದ ಚೆಂಡನ್ನು ಜೊತೆ ಆಟಗಾರ ನೆಟ್ಟಿನ ಅಂಚಿಗಿಂತ ಮೇಲಿಂದ ಹೊಡೆದರೆ ಫೌಲ್. ಲಿಬೆರೊನ ಕಾಲು ಮೂರು ಮೀಟರ್ ಗೆರೆ ಮುಟ್ಟಿತ್ತೇ ಎಂಬುದು ಅಂಪೈರ್ ಕಣ್ಣಿಗೆ ಬಿಟ್ಟದ್ದು, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ "ಲಿಬೆರೊ ಹಿಂದಿನ ವಲಯದಲ್ಲೇ ಇದ್ದ, ಆದರೂ ಲಿಬೆರೊ ಬೆರಳಿನಿಂದ ಎತ್ತಿದ್ದನ್ನು ಹೊಡೆಯುವ ಹಾಗಿಲ್ಲ" ಎಂದು ಅಂಪೈರ್ ವಿವರಣೆ ಕೊಟ್ಟರೆ ಅದು ನಿಯಮವನ್ನೇ ತಪ್ಪಾಗಿ ಹೇಳಿದಂತೆ. ತಕರಾರಿಗೆ ಅರ್ಹ. ಹಾಗಾಗಿ ವಿವರಣೆ ಕೇಳುವ ಹೆಜ್ಜೆ ಬಹಳ ಮುಖ್ಯ. ಅಂಪೈರ್ ಬಾಯಿಂದ ಕಾರಣ ಬರುವವರೆಗೆ ಅದು ಯಾವ ಬಗೆಯ ತೀರ್ಪು ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಅಮೆರಿಕದ ಮಕ್ಕಳ ಬೇಸ್‌ಬಾಲ್‌ನಲ್ಲಿ, ಲಿಟಲ್ ಲೀಗ್ ನಿಯಮಾವಳಿಯಲ್ಲೂ ಗೆರೆ ಇದೇ. ಅಂಪೈರ್ ಅಂದಾಜಿನ ಮೇಲೆ ತಕರಾರು ಇಲ್ಲ. ನಿಯಮದ ಮೇಲಿನದ್ದಾದರೆ ಮುಂದಿನ ಆಟ ಶುರುವಾಗುವ ಮುನ್ನ ಹೇಳಬೇಕು, 24 ಗಂಟೆಯೊಳಗೆ ಬರಹದಲ್ಲಿ ಕೊಡಬೇಕು, ಮಾನ್ಯವಾದರೆ ತಪ್ಪು ನಡೆದ ಜಾಗದಿಂದಲೇ ಪಂದ್ಯ ಮುಂದುವರಿಯುತ್ತದೆ. ಈ ಕೊನೆಯ ಮಾತನ್ನು ನಮ್ಮ ಸಂಘಟಕರು ತಮ್ಮ ನಿಯಮಾವಳಿಯಲ್ಲೂ ಬರೆದುಕೊಳ್ಳಬೇಕು. ನಮ್ಮಲ್ಲಿ ತಕರಾರು ಎತ್ತಿಹಿಡಿದ ಕೂಡಲೇ "ಇಡೀ ಪಂದ್ಯ ಮತ್ತೆ ಆಡಿಸಿ" ಎನ್ನುವ ರೂಢಿ ಇದೆ. ಸರಿಯಾಗಿ ಗೆದ್ದ ಪಾಯಿಂಟುಗಳೂ ಅದರಲ್ಲಿ ಕೊಚ್ಚಿಹೋಗುತ್ತವೆ. ಬಿಸಿಲಲ್ಲಿ ಮೂರು ಪಂದ್ಯ ಆಡಿದ 14ರೊಳಗಿನ ಮಕ್ಕಳಿಗೆ ಅದು ಶಿಕ್ಷೆ.

ಇನ್ನು ಹೇಳುವವರು ಯಾರು? ಅಂಕಣದ ಒಳಗಿರುವ ನಾಯಕ ಅಥವಾ ನಾಯಕಿ, ಅಷ್ಟೇ. ಕೋಚ್ ಟೈಂ ಔಟ್ ಕೇಳಬಹುದು, ಬದಲಾವಣೆ ಕೇಳಬಹುದು. ತೀರ್ಪಿನ ಬಗ್ಗೆ ಅಂಪೈರ್ ಜೊತೆ ಮಾತಾಡುವಂತಿಲ್ಲ. ನಾಯಕನನ್ನು ಬದಲಿಸಿ ಹೊರಗೆ ಕೂರಿಸಿದ್ದರೆ ಒಳಗಿರುವ ಇನ್ನೊಬ್ಬನನ್ನು ಆಟದ ನಾಯಕನೆಂದು ಗೊತ್ತು ಮಾಡಬೇಕು, ಅದು ಅಂಪೈರಿಗೂ ತಿಳಿದಿರಬೇಕು. ಈ ಕಡೆಯ ಪಂದ್ಯಾಟಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ. ಮಾಸ್ಟ್ರು ಗೆರೆ ದಾಟಿ ಓಡಿಬರುತ್ತಾರೆ, ಹಿಂದೆ ಪೋಷಕರು, ಅವರ ಹಿಂದೆ ಊರಿನ ಯುವಕ ಮಂಡಲದವರು. ನಾಯಕಿ ಒಂದು ಬದಿಯಲ್ಲಿ ಬೆಪ್ಪಾಗಿ ನಿಂತಿರುತ್ತಾಳೆ. ಕೊನೆಗೆ ಹಳದಿ ಕಾರ್ಡು ಬರುತ್ತದೆ, ಗದ್ದಲ ಮುಂದುವರಿದರೆ ಕೆಂಪು. ಕೆಂಪು ಎಂದರೆ ಎದುರು ತಂಡಕ್ಕೆ ಒಂದು ಪಾಯಿಂಟ್ ಮತ್ತು ಸರ್ವಿಸ್. ನ್ಯಾಯ ಕೇಳಲು ಹೋದ ತಂಡ ಇನ್ನೂ ಒಂದು ಪಾಯಿಂಟ್ ಕಳೆದುಕೊಂಡು ಬರುತ್ತದೆ, ತಕರಾರು ಮಾತ್ರ ದಾಖಲಾಗಿರುವುದೇ ಇಲ್ಲ.

ನಾಯಕ ಹೇಳಬೇಕಾದ್ದು ಎರಡೇ ಮಾತು, ಎರಡು ಹಂತದಲ್ಲಿ. ಚೆಂಡು ಸತ್ತ ಮೇಲೆ, ಅಂದರೆ ಆ ಪಾಯಿಂಟಿನ ಆಟ ನಿಂತ ಮೇಲೆ, ಕೈ ಎತ್ತಿ ಮೊದಲನೇ ಅಂಪೈರ್ ಹತ್ತಿರ ಹೋಗಿ:

"ಸರ್, ಈ ತೀರ್ಪಿಗೆ ಯಾವ ನಿಯಮ ಹಾಕಿದ್ದೀರಿ, ದಯವಿಟ್ಟು ತಿಳಿಸಿ."

ಉತ್ತರ ಬಂದ ಮೇಲೆ ಒಪ್ಪಿಗೆಯಾದರೆ ಮರಳಬೇಕು. ಒಪ್ಪಿಗೆ ಇಲ್ಲವಾದರೆ ಅಲ್ಲೇ, ಆಗಲೇ:

"ನಮಗೆ ಒಪ್ಪಿಗೆ ಇಲ್ಲ ಸರ್. ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟಲ್ಲಿ ಪ್ರೊಟೆಸ್ಟ್ ಬರೆಯುತ್ತೇವೆ."

ಇಷ್ಟು ಹೇಳಿದರೆ ಹಕ್ಕು ಉಳಿಯಿತು. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಆಟದ ನಾಯಕನ ಅಧಿಕಾರಗಳ ಕೆಳಗೆ, 5.1.2.1ರಲ್ಲಿ ಇದು ಸ್ಪಷ್ಟವಾಗಿದೆ. ಹೀಗೆ ಕೇಳಿದಾಗ ಅಂಪೈರ್ "ಆಗುವುದಿಲ್ಲ" ಎನ್ನುವಂತಿಲ್ಲ. ಅವರು ಚರ್ಚೆಗೆ ಅವಕಾಶ ಕೊಡಬೇಕಿಲ್ಲ, ವಿವರಣೆ ಮಾತ್ರ ಕೊಡಬೇಕು. ಆದರೆ ಮುಂದಿನ ಸರ್ವಿಸ್‌ಗೆ ಸೀಟಿ ಊದುವ ಮುನ್ನ ಇದೆಲ್ಲ ಆಗಿರಬೇಕು. ಸೀಟಿ ಬಿದ್ದ ಮೇಲೆ 8 ಸೆಕೆಂಡಿನಲ್ಲಿ ಸರ್ವಿಸ್ ಹೋಗುತ್ತದೆ, ಅಲ್ಲಿಗೆ ಆ ಬಾಗಿಲು ಮುಚ್ಚಿದಂತೆ.

ಹದಿಮೂರು ವರ್ಷದ ಹುಡುಗಿಗೆ ಎತ್ತರದ ಸ್ಟ್ಯಾಂಡಿನ ಮೇಲೆ ನಿಂತ ಅಂಪೈರ್ ಎದುರು ಈ ಎರಡು ಮಾತು ಹೇಳುವುದು ಸುಲಭವಲ್ಲ. ಅದಕ್ಕೇ ಸರ್ವಿಸ್ ಕಲಿಸಿದ ಹಾಗೆ ಇದನ್ನೂ ಕಲಿಸಬೇಕು. ಸಂಜೆಯ ಅಭ್ಯಾಸ ಪಂದ್ಯದಲ್ಲಿ ಮಾಸ್ಟ್ರೇ ಅಂಪೈರ್ ಆಗಿ ಬೇಕೆಂದೇ ಒಂದು ನಿಯಮ ತಪ್ಪಿಸಲಿ, ನಾಯಕಿ ಬಂದು ಕೇಳಲಿ. ಅಂಪೈರುಗಳಲ್ಲಿ ನಮ್ಮ ಕೋರಿಕೆ ಇಷ್ಟು: ಮಗು ಬಂದು ಕೇಳಿದಾಗ ಸ್ವಲ್ಪ ಬಾಗಿ, ಪೂರ್ತಿ ಕೇಳಿ, ನಿಯಮವನ್ನು ಒಂದು ವಾಕ್ಯದಲ್ಲಿ ಹೇಳಿ. "ಹೋಗಿ ಆಡು" ಎಂದು ಕೈ ಬೀಸಿದರೆ ಗದ್ದಲ ಹುಟ್ಟುವುದು ಅಲ್ಲಿಂದಲೇ.

ಈಗ ರೊಟೇಶನ್ ವಿಷಯ. ನಿಯಮದ ತಕರಾರುಗಳಲ್ಲಿ ಇದೇ ದೊಡ್ಡದು, ಅಂಪೈರುಗಳೂ ಹೆಚ್ಚು ಎಡವುವುದು ಇದರಲ್ಲೇ. ಒಂದು ಉದಾಹರಣೆ ಹಿಡಿದು ನೋಡೋಣ.

ನೀಲಿ ತಂಡ 11, ಬಿಳಿ ತಂಡ 13, ಸರ್ವಿಸ್ ಬಿಳಿಯದ್ದು. ರ್‍ಯಾಲಿ ನೀಲಿ ಗೆದ್ದಿತು: 12–13. ನೀಲಿ ಒಂದು ಸ್ಥಾನ ತಿರುಗಬೇಕು, ಸರ್ವಿಸ್‌ಗೆ 7ನೇ ನಂಬರ್ ಬರಬೇಕು. ಗಡಿಬಿಡಿಯಲ್ಲಿ 4ನೇ ನಂಬರ್ ಸರ್ವಿಸ್ ಮಾಡಿದ. ಯಾರಿಗೂ ಗೊತ್ತಾಗಲಿಲ್ಲ. ಅವನ ಸರ್ವಿಸ್‌ನಲ್ಲಿ ನೀಲಿಗೆ ಮೂರು ಪಾಯಿಂಟ್ ಬಂತು: 15–13. ಆಗ ಸ್ಕೋರರ್ ಶೀಟು ನೋಡಿ ಬಜರ್ ಒತ್ತಿದರು.

ಇಲ್ಲಿ ಸಾಮಾನ್ಯವಾಗಿ ಅಂಪೈರ್ ಮಾಡುವುದು: ಬಿಳಿಗೆ ಒಂದು ಪಾಯಿಂಟ್, ಸರ್ವಿಸ್, ರೊಟೇಶನ್ ಸರಿಮಾಡಿ ಆಟ ಮುಂದೆ. 15–14. ಇದು ಅರ್ಧ ಮಾತ್ರ ಸರಿ. ನಿಯಮ 7.7.2ರ ಪ್ರಕಾರ ತಪ್ಪು ಶುರುವಾದ ಕ್ಷಣ ಯಾವುದೆಂದು ಸ್ಕೋರರ್ ಗುರುತಿಸಬೇಕು, ಅಲ್ಲಿಂದೀಚೆಗೆ ತಪ್ಪು ಮಾಡಿದ ತಂಡ ಗಳಿಸಿದ ಪಾಯಿಂಟುಗಳೆಲ್ಲ ರದ್ದಾಗಬೇಕು. ಎದುರು ತಂಡದ ಪಾಯಿಂಟ್ ಹಾಗೇ ಉಳಿಯುತ್ತದೆ. ನೀಲಿಯ 12ನೇ ಪಾಯಿಂಟ್ ಬಿಳಿಯ ಸರ್ವಿಸ್‌ನಲ್ಲಿ ಸರಿಯಾಗಿ ಗೆದ್ದದ್ದು, ಅದು ಇರುತ್ತದೆ. ಮೇಲಿನ ಮೂರು ಹೋಗುತ್ತವೆ. ಬಿಳಿಗೆ ಒಂದು ಪಾಯಿಂಟ್ ಮತ್ತು ಸರ್ವಿಸ್. ಸರಿಯಾದ ಲೆಕ್ಕ 12–14. 15–14ರ ಲೆಕ್ಕದಲ್ಲಿ ಒಂದು ಪಾಯಿಂಟ್ ಮುಂದಿದ್ದ ನೀಲಿ ಎರಡು ಪಾಯಿಂಟ್ ಹಿಂದೆ ಬೀಳುತ್ತದೆ. ಅಂಪೈರ್ 15–14 ಎಂದೇ ಹಟ ಹಿಡಿದರೆ ಬಿಳಿಯ ನಾಯಕ ಆ ಎರಡು ಮಾತು ಹೇಳಬೇಕಾದ ಜಾಗ ಅದು.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲು ಇದೆ. ತಪ್ಪು ಶುರುವಾದ ಕ್ಷಣ ಗುರುತಿಸಲು ಆಗದಿದ್ದರೆ ಯಾವ ಪಾಯಿಂಟೂ ರದ್ದಾಗುವುದಿಲ್ಲ; ಎದುರು ತಂಡಕ್ಕೆ ಒಂದು ಪಾಯಿಂಟ್ ಮತ್ತು ಸರ್ವಿಸ್ ಮಾತ್ರ. ಹಾಗಾದರೆ ಗುರುತು ಸಿಗುವುದು ಎಲ್ಲಿ? ಸ್ಕೋರ್‌ಶೀಟಿನ ಸರ್ವಿಸ್ ಸರದಿಯ ಚೌಕಗಳಲ್ಲಿ. ಪ್ರತಿ ಆಟಗಾರನ ನಂಬರ್ ಕೆಳಗೆ ಸಣ್ಣ ಚೌಕಗಳಿರುತ್ತವೆ. ಅವನ ಸರ್ವಿಸ್ ಶುರುವಾದಾಗ ಚೌಕದ ಅಂಕಿಗೆ ಗೀಟು, ಸರ್ವಿಸ್ ಕಳೆದುಕೊಂಡಾಗ ಆ ಹೊತ್ತಿಗೆ ತಂಡದ ಒಟ್ಟು ಪಾಯಿಂಟ್ ಅದೇ ಚೌಕದೊಳಗೆ. ಸೆಟ್ಟಿನ ಮೊದಲ ಸರ್ವಿಸ್ಸನ್ನು ಎದುರಿಸುವ (ರಿಸೀವ್ ಮಾಡುವ) ತಂಡದ ಒಂದನೇ ಕಂಬಸಾಲಿನ ಮೊದಲ ಚೌಕಕ್ಕೆ 'ಎಕ್ಸ್' ಗುರುತು. ಇದನ್ನು ಬಿಡದೆ ತುಂಬಿಸಿದ್ದರೆ ಯಾವ ಪಾಯಿಂಟಿನಿಂದ ತಪ್ಪಾಯಿತು ಎಂದು ಅರ್ಧ ನಿಮಿಷದಲ್ಲಿ ಹೇಳಬಹುದು. ತಾಲೂಕು ಮಟ್ಟದ ಎಷ್ಟೋ ಪಂದ್ಯಗಳಲ್ಲಿ ನೋಟ್ ಪುಸ್ತಕದಲ್ಲಿ ಬರೇ 1, 2, 3 ಬರೆದು ಗೀಟು ಹೊಡೆಯುತ್ತಾರೆ. ಆ ಹಾಳೆ ಹಿಡಿದುಕೊಂಡು ಯಾವ ಸಮಿತಿಯೂ ಏನೂ ಮಾಡಲಾರದು. ಟ್ರೋಫಿಗೆ, ಶಾಮಿಯಾನಕ್ಕೆ ಖರ್ಚು ಮಾಡುವ ಸಂಘಟಕರು ಮುದ್ರಿತ ಸ್ಕೋರ್‌ಶೀಟಿಗೂ ಅದನ್ನು ತುಂಬಲು ಬಲ್ಲ ಇಬ್ಬರಿಗೂ ಮೊದಲು ವ್ಯವಸ್ಥೆ ಮಾಡಬೇಕು. ಒಬ್ಬರು ಬರೆಯಲಿ, ಇನ್ನೊಬ್ಬರು ಪ್ರತಿ ಸರ್ವಿಸ್‌ಗೆ ಮುನ್ನ ಸರ್ವರ್ ನಂಬರ್ ಗಟ್ಟಿಯಾಗಿ ಓದಲಿ. ತಪ್ಪು ಸರ್ವರ್ ಬಂದಾಗ ಆಗಲೇ ಸಿಕ್ಕಿಬೀಳುತ್ತಾನೆ, ತಕರಾರು ಹುಟ್ಟುವುದೇ ಇಲ್ಲ.

ಎರಡನೇ ದೊಡ್ಡ ವಿಷಯ ಮಳೆ. ಶಾಲಾ ಕ್ರೀಡಾಕೂಟಗಳು ನಡೆಯುವ ತಿಂಗಳುಗಳಲ್ಲಿ ಕರಾವಳಿಯಲ್ಲಿ ಯಾವಾಗ ಬೇಕಾದರೂ ಸುರಿಯಬಹುದು. ಉಡುಪಿಯ ಅಜ್ಜರಕಾಡಿನಂಥ ಬಯಲಲ್ಲಿ ಶುರುವಾದ ದಿನ ಯಾವುದೋ ಸಭಾಂಗಣದೊಳಗೆ ಮುಗಿಯುವುದು ಹೊಸತೇನಲ್ಲ. ಈ ಬಗ್ಗೆ ನಿಯಮ 17.3 ಬಹಳ ಸ್ಪಷ್ಟ. ನಿಂತ ಸಮಯ ಒಟ್ಟು 4 ಗಂಟೆ ಮೀರದಿದ್ದರೆ, ಅದೇ ಅಂಕಣದಲ್ಲಿ ಮುಂದುವರಿದಾಗ ನಿಂತ ಸೆಟ್ ಅದೇ ಸ್ಕೋರು, ಅದೇ ಆಟಗಾರರು, ಅದೇ ಸ್ಥಾನಗಳಿಂದ ಮುಂದುವರಿಯುತ್ತದೆ. ಬೇರೆ ಅಂಕಣಕ್ಕೆ ಹೋದರೆ ನಿಂತ ಸೆಟ್ ರದ್ದು. ಅದೇ ಆಟಗಾರರು, ಅದೇ ಆರಂಭಿಕ ಕ್ರಮದೊಂದಿಗೆ ಸೊನ್ನೆಯಿಂದ ಆಡಬೇಕು. ಮುಗಿದ ಸೆಟ್ಟುಗಳ ಫಲಿತಾಂಶ ಉಳಿಯುತ್ತದೆ, ಕೊಟ್ಟ ಕಾರ್ಡುಗಳೂ ಉಳಿಯುತ್ತವೆ. 4 ಗಂಟೆ ಮೀರಿದರೆ ಇಡೀ ಪಂದ್ಯ ಮತ್ತೆ.

22–15ರಲ್ಲಿ ಮುಂದಿದ್ದ ತಂಡಕ್ಕೆ ಒಳಾಂಗಣಕ್ಕೆ ಹೋದ ಮೇಲೆ ಸೊನ್ನೆಯಿಂದ ಆಡಿ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅದಕ್ಕೇ ಸಂಘಟಕರು "ಅಲ್ಲಿಂದಲೇ ಆಡಿಸುವ" ಎಂದು ರಾಜಿ ಮಾಡಿಬಿಡುತ್ತಾರೆ. ಹಿಂದಿದ್ದ ತಂಡ ತಕರಾರು ಹಾಕಿದರೆ ಅವರು ಗೆಲ್ಲುತ್ತಾರೆ. ನಮ್ಮ ಅಭಿಪ್ರಾಯದಲ್ಲಿ, ಸಾಧ್ಯವಿದ್ದಷ್ಟೂ ಅದೇ ಅಂಕಣ ಒಣಗುವವರೆಗೆ ಕಾಯುವುದು ಮೇಲು; ಒಂದು ಸೆಟ್ಟಿನ ಮಧ್ಯೆ ಅಂಕಣ ಬದಲಿಸುವುದು ಕಡೆಯ ದಾರಿ. ಮಳೆ ಬಿದ್ದ ಕೂಡಲೇ ಸ್ಕೋರರ್ ಮಾಡಬೇಕಾದ ಕೆಲಸ ಒಂದಿದೆ: ನಿಂತ ಸಮಯ, ಸ್ಕೋರು, ಸರ್ವಿಸ್ ಯಾರದ್ದು, ಎರಡೂ ತಂಡದ ಆರು ಸ್ಥಾನಗಳು, ಬಳಸಿದ ಟೈಂ ಔಟ್ ಮತ್ತು ಬದಲಾವಣೆ ಎಷ್ಟೆಂದು ಷರಾ ಜಾಗದಲ್ಲಿ ಬರೆಯುವುದು. ಶೀಟಿಗೆ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಶಾಯಿ ಪೆನ್ನು ಬೇಡ, ಬಾಲ್ ಪೆನ್ನೇ ಆಗಬೇಕು. ನೆನೆದು ಅಳಿಸಿಹೋದ ಶೀಟು ಮುಂದಿಟ್ಟುಕೊಂಡು ಎರಡು ತಂಡಗಳ ನೆನಪನ್ನು ತೂಗುವುದಕ್ಕಿಂತ ಕಷ್ಟದ ಕೆಲಸ ಸಮಿತಿಗೆ ಇನ್ನೊಂದಿಲ್ಲ.

ಮಳೆಗೆ ಗೆರೆಗಳೂ ಹೋಗುತ್ತವೆ. ಸುಣ್ಣದ ಪುಡಿಯ ಗೆರೆ ಎರಡು ಸೆಟ್ಟಿನ ಹೊತ್ತಿಗೆ ತುಳಿದು ತುಳಿದು ಅಂಗೈಯಗಲ ಆಗಿರುತ್ತದೆ. ಗೆರೆಯ ಅಗಲ 5 ಸೆಂ.ಮೀ. ಇರಬೇಕು, ಗೆರೆ ಅಂಕಣಕ್ಕೆ ಸೇರಿದ್ದು, ಮುಟ್ಟಿದ ಚೆಂಡು ಒಳಗೆ. ಅಗಲವಾದ ಗೆರೆ ಎಂದರೆ ಅಂಕಣವೇ ದೊಡ್ಡದಾದಂತೆ. ನೈಲಾನ್ ಪಟ್ಟಿ ಕಟ್ಟಿ ಮೂಲೆಗಳಲ್ಲಿ ಮೊಳೆ ಹೊಡೆದರೆ ಒಳಗೆ–ಹೊರಗೆ ಜಗಳದಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ. ಲೈನ್‌ಮನ್‌ಗಳು ಇಬ್ಬರೇ ಇದ್ದರೆ ಪ್ರತಿ ಅಂಪೈರಿನ ಬಲಗೈ ಬದಿಯ ಮೂಲೆಯಲ್ಲಿ, ಮೂಲೆಯಿಂದ 1–2 ಮೀ. ದೂರದಲ್ಲಿ ಓರೆಯಾಗಿ ನಿಲ್ಲಬೇಕು. ಆತಿಥೇಯ ಶಾಲೆಯ ಮಕ್ಕಳನ್ನು ಲೈನ್‌ಗೆ ನಿಲ್ಲಿಸುವುದು ಇಲ್ಲಿಯ ಪದ್ಧತಿ. ಅದೇ ಶಾಲೆಯ ಪಂದ್ಯ ಇರುವಾಗ ಮಾತ್ರ ಅದು ಬೇಡ. ಆ ಮಕ್ಕಳು ಪ್ರಾಮಾಣಿಕವಾಗಿಯೇ ಬಾವುಟ ಎತ್ತಿರುತ್ತಾರೆ, ಆದರೂ ಸೋತವರು ನಂಬುವುದಿಲ್ಲ, ಮಾತು ಕೇಳಬೇಕಾಗುವುದು ಆ ಮಕ್ಕಳೇ.

ತೆಂಗಿನ ಮರದ ಗರಿ, ಕರೆಂಟ್ ವಯರ್ ಅಂಕಣದ ಮೇಲೆ ಬಾಗಿದ್ದರೆ ಬೆಳಿಗ್ಗೆ ಮ್ಯಾನೇಜರುಗಳ ಸಭೆಯಲ್ಲೇ ಹೇಳಿಬಿಡಿ: ತಾಗಿದರೆ ಔಟ್. ನಿಯಮವೂ ಅದೇ. ಹೊನಲು ಬೆಳಕಿನ ಪಂದ್ಯಾಟದಲ್ಲಿ ದೀಪದ ತಂತಿಗೂ ಇದೇ ಮಾತು. ಅದೇ ಸಭೆಯಲ್ಲಿ ನೆಟ್ಟಿನ ಎತ್ತರ, ಸೆಟ್ಟುಗಳ ಸಂಖ್ಯೆ, ಕೊನೆಯ ಸೆಟ್ 15ಕ್ಕೋ 25ಕ್ಕೋ, ತಕರಾರು ಶುಲ್ಕ ಎಷ್ಟು, ಅದು ಯಾವಾಗ ವಾಪಸ್, ಸಮಿತಿಯ ಮೂವರು ಯಾರು ಎಂಬುದು ಬರಹದಲ್ಲಿ ಹಂಚಿಕೆಯಾಗಬೇಕು. ವಯಸ್ಸಿನ ದಾಖಲೆ, ಶಾಲೆಯ ದೃಢೀಕರಣದ ತಕರಾರು ಬೇರೆಯೇ ದಾರಿ. ಅದನ್ನು ಪಂದ್ಯಕ್ಕೆ ಮುನ್ನವೇ ಎತ್ತಬೇಕು, ಸೆಟ್ ಸೋತ ಮೇಲೆ ಅಲ್ಲ.

ಪಂದ್ಯ ಮುಗಿಯಿತು ಎನ್ನಿ. ನಾಯಕ ಸಹಿ ಹಾಕುವ ಮುನ್ನ ಶೀಟಿನ ಷರಾ ಜಾಗದಲ್ಲಿ ತಕರಾರು ಬರೆಯಬೇಕು. ಬರೆಯಲು ಸ್ಕೋರರ್ ಸಹಾಯ ಮಾಡಬಹುದು, ಮಾತು ನಾಯಕನದ್ದೇ ಆಗಿರಬೇಕು. ಅದರ ಬೆನ್ನಿಗೇ ಮ್ಯಾನೇಜರ್ ಸಹಿಯ ಅರ್ಧ ಪುಟದ ಅರ್ಜಿ ಮತ್ತು ಶುಲ್ಕ. "ಅಂಪೈರ್ ಒಂದೇ ಕಡೆ ಆಡಿಸಿದ್ದಾರೆ, ಅನ್ಯಾಯವಾಗಿದೆ" ಎಂದು ಬರೆದ ಅರ್ಜಿಯಲ್ಲಿ ಸಮಿತಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

"ಪಂದ್ಯ ಸಂಖ್ಯೆ 6, ಎರಡನೇ ಸೆಟ್. ನೀಲಿ 15, ಬಿಳಿ 13 ಇದ್ದಾಗ ನೀಲಿಯ 4ನೇ ನಂಬರ್ ಸರದಿ ತಪ್ಪಿ ಸರ್ವಿಸ್ ಮಾಡಿದ್ದು ಸ್ಕೋರರ್ ಗಮನಕ್ಕೆ ಬಂತು. ತಪ್ಪು ಶುರುವಾದದ್ದು 12–13ರಲ್ಲಿ ಎಂದು ಶೀಟಿನಲ್ಲಿದೆ. ಮೊದಲನೇ ಅಂಪೈರ್ ನಮಗೆ ಪಾಯಿಂಟ್ ಮತ್ತು ಸರ್ವಿಸ್ ಕೊಟ್ಟರು, ನೀಲಿಯ ಮೂರು ಪಾಯಿಂಟ್ ರದ್ದು ಮಾಡಲಿಲ್ಲ. ಇದು ನಿಯಮ 7.7.2ಕ್ಕೆ ವಿರುದ್ಧ. ಮುಂದಿನ ಸರ್ವಿಸ್‌ಗೆ ಮುನ್ನ ನಮ್ಮ ನಾಯಕ ತಿಳಿಸಿದ್ದಾರೆ. 12–14, ಬಿಳಿಯ ಸರ್ವಿಸ್‌ನಿಂದ ಆಟ ಮುಂದುವರಿಸಬೇಕೆಂದು ಕೋರಿಕೆ."

ಅಂಪೈರ್ ಹೆಸರು, ಸ್ಕೋರರ್ ಹೆಸರು, ಅಂಕಣ, ದಿನಾಂಕ, ಸಮಯ ಮೇಲ್ಗಡೆ ಹಾಕಿದರೆ ಅರ್ಜಿ ಪೂರ್ತಿ.

ಸಮಿತಿಯ ಮೂವರಲ್ಲಿ ಯಾರೂ ಆ ಎರಡು ಶಾಲೆಯವರಾಗಿರಬಾರದು, ಆ ಪಂದ್ಯದ ಅಂಪೈರೂ ಆಗಿರಬಾರದು. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇದೇ ಕ್ರಮದಲ್ಲಿ ಬರಲಿ: ಹೊತ್ತಿಗೆ ಸರಿಯಾಗಿ ಹೇಳಿದ್ದಾರೆಯೇ, ವಿಷಯ ಕಣ್ಣಿನದ್ದೋ ನಿಯಮದ್ದೋ, ನಿಯಮ ನಿಜಕ್ಕೂ ತಪ್ಪಿದೆಯೇ, ತಪ್ಪಿದ್ದರೆ ಫಲಿತಾಂಶಕ್ಕೆ ತಾಗಿದೆಯೇ. ತಕರಾರು ಹಾಕಿದ ತಂಡ ಆ ಸೆಟ್ ಗೆದ್ದಿದ್ದರೆ ಅಲ್ಲಿಗೆ ಮುಗಿಯಿತು. ಮೇಲಿನ ಉದಾಹರಣೆಯಲ್ಲಿ ನೀಲಿ ಆ ಸೆಟ್ಟನ್ನು 25–22ರಲ್ಲಿ ಗೆದ್ದು ಪಂದ್ಯ ಮುಗಿಸಿದ್ದರೆ, ಮೂರು ಪಾಯಿಂಟ್ ಎಂಬುದು ಸಣ್ಣ ಮಾತಲ್ಲ, 12–14ರಿಂದ ಮತ್ತೆ ಆಡಿಸಬೇಕು. ಮೊದಲು ಸ್ಕೋರರ್, ಆಮೇಲೆ ಅಂಪೈರ್, ಆಮೇಲೆ ಇಬ್ಬರು ನಾಯಕರು ಎಂಬ ಕ್ರಮದಲ್ಲಿ ಪ್ರತ್ಯೇಕವಾಗಿ ಕೇಳಿದರೆ ಹದಿನೈದು ನಿಮಿಷ ಸಾಕು. ಪೋಷಕರ ಮೊಬೈಲ್ ವಿಡಿಯೊ ನೋಡುವ ವಿಚಾರದಲ್ಲಿ ನಾವು ಬಿಗಿ: ಬೆಳಗಿನ ಸಭೆಯಲ್ಲಿ ಒಪ್ಪಿಗೆ ಆಗಿರದಿದ್ದರೆ ನೋಡುವುದಿಲ್ಲ. ಬದಿಯಿಂದ ತೆಗೆದ ವಿಡಿಯೊದಲ್ಲಿ ಗೆರೆ ಎಲ್ಲಿದೆ, ಚೆಂಡು ಎಲ್ಲಿದೆ ಎಂದು ಹೇಳಲಾಗದು, ಅದೂ ಅಲ್ಲದೆ ಒಂದು ತಂಡದ ಬಳಿ ವಿಡಿಯೊ ಇದ್ದು ಇನ್ನೊಂದರ ಬಳಿ ಇಲ್ಲದಿರುವುದು ಸಮನಾದ ವಿಚಾರಣೆ ಅಲ್ಲ.

ಇನ್ನೊಂದು ವಿಷಯ ಸಂಘಟಕರಿಗೆ. ತಕರಾರಿನ ಹಕ್ಕು ಉಳಿಸಿಕೊಂಡಿದ್ದೇವೆ ಎಂದು ನಾಯಕ ಹೇಳಿದ ಕೂಡಲೇ ಎರಡನೇ ಅಂಪೈರ್ ಮೂಲಕ ಸಮಿತಿಗೆ ಸುದ್ದಿ ಹೋಗಬೇಕು. ಪಂದ್ಯ ಮುಗಿಯುವ ಹೊತ್ತಿಗೆ ಆ ಮೂವರು ಟೇಬಲ್ ಬಳಿ ಇರಬೇಕು. ಎರಡೂ ತಂಡಗಳಿಗೆ "ನಿರ್ಧಾರ ಬರುವವರೆಗೆ ಬಸ್ ಹತ್ತಬೇಡಿ" ಎಂದು ಬರಹದಲ್ಲೇ ತಿಳಿಸಬೇಕು. ಕುಂದಾಪುರದ ಕಡೆಯಿಂದಲೋ ಪುತ್ತೂರಿನ ಕಡೆಯಿಂದಲೋ ಬಂದ ಮಕ್ಕಳು ಸಂಜೆಯೊಳಗೆ ಮನೆ ಸೇರಬೇಕಾಗುತ್ತದೆ; ಗೆದ್ದ ತಂಡ ಹೊರಟುಹೋದ ಮೇಲೆ 12–14ರಿಂದ ಆಡಿಸಲು ಎದುರಾಳಿಗಳೇ ಇರುವುದಿಲ್ಲ. ಆ ಅಂಕಣದ ನೆಟ್ಟನ್ನೂ ಬಿಚ್ಚಬೇಡಿ, ಮುಂದಿನ ಪಂದ್ಯವನ್ನು ಪಕ್ಕದ ಅಂಕಣಕ್ಕೆ ಹಾಕಿ. ನಿರ್ಧಾರವನ್ನು ಎರಡು ಸಾಲಿನಲ್ಲಿ, ನಿಯಮದ ಸಂಖ್ಯೆ ಸಹಿತ, ಮೂವರೂ ಸಹಿ ಹಾಕಿ ಅರ್ಜಿಯ ಹಿಂಬದಿಯಲ್ಲಿ ಬರೆದು ಇಬ್ಬರು ನಾಯಕರಿಗೂ ಓದಿ ಹೇಳಿ. ಶುಲ್ಕ ವಾಪಸ್ ಆಗುವುದಿದ್ದರೆ ಅದೂ ಆ ಟೇಬಲ್ಲಿನಲ್ಲೇ, ರಶೀದಿಯ ಮೇಲೆ ಸಹಿ ತೆಗೆದುಕೊಂಡು ಕೊಟ್ಟುಬಿಡಿ.